ಬೀಡಿ ಬಿಟ್ಟ ಮೇಲೆ ಉಮ್ಮನಿಗೆ ಪುರುಸೊತ್ತೇ ಇಲ್ಲ

ಬೆಳಗ್ಗೆ ಒಂಬತ್ತೂವರೆಗೆ ನಾವು ಹೋದಾಗ ಉಮ್ಮ ಮನೆಯಲ್ಲಿರಲಿಲ್ಲ. ಹಿಂದಿನ ದಿನ ಫೋನ್ ಮಾಡಿ ಹೇಳಿಯೇ ಹೋಗಿದ್ದೆವು. "ಈಗ ಬರ್ತಾರೆ, ಕೂತ್ಕೊಳ್ಳಿ" ಎಂದು ಸೊಸೆ ಚಾ ತಂದಿಟ್ಟರು. ಚಾ ಮುಗಿಯಿತು, ಜೊತೆಗೆ ಕೊಟ್ಟ ಕಲ್ತಪ್ಪವೂ ಮುಗಿಯಿತು. ಮುಕ್ಕಾಲು ಗಂಟೆ ಕಳೆದ ಮೇಲೆ ಗೇಟಿನ ಸದ್ದಾಯಿತು. ಕೊಡೆ ಮಡಚುತ್ತಾ ಬಂದ ಉಮ್ಮ ನಮ್ಮನ್ನು ನೋಡಿ, "ಅಲ್ಲಾ, ನೀವು ಬರುವುದು ಇವತ್ತಾ? ಆಚೆ ಮನೆಯವಳ ರೇಷನ್ ಕಾರ್ಡಿನಲ್ಲಿ ಮೊಮ್ಮಗುವಿನ ಹೆಸರು ಬಿಟ್ಟುಹೋಗಿತ್ತು ಮಾರಾಯ್ರೆ, ಅದಕ್ಕೆ ಹೋಗಿದ್ದೆ" ಎಂದರು. ಕ್ಷಮೆ ಕೇಳಿದ್ದು ಅಷ್ಟೇ.

ಬಂಟ್ವಾಳ ತಾಲೂಕಿನ ನೇತ್ರಾವತಿ ದಂಡೆಯ ಊರು. ವಯಸ್ಸು 74. ಕೇರಿಯ ಬ್ಯಾರಿಗಳಿಗೂ, ಆಚೀಚೆಯ ಹಿಂದೂ, ಕ್ರೈಸ್ತ ಮನೆಯವರಿಗೂ ಅವರು ಉಮ್ಮನೇ. "ಪೇಪರಿನಲ್ಲಿ ನನ್ನ ಹೆಸರು, ಫೋಟೊ ಹಾಕಬೇಡಿ. ಹಾಕಿದರೆ ನಾಳೆ ಪಂಚಾಯತಿಗೆ ಹೋದಾಗ ಕುರ್ಚಿ ಕೊಟ್ಟು ಕೂರಿಸ್ತಾರೆ, ಕೆಲಸ ಮಾಡಿ ಕೊಡುವುದಿಲ್ಲ" ಎಂದು ಮೊದಲೇ ತಾಕೀತು ಮಾಡಿದ್ದರಿಂದ ಇಲ್ಲಿ ಹೆಸರಿಲ್ಲ. ಈ ಪುಟದಲ್ಲಿ ಸನ್ಮಾನ, ಉದ್ಘಾಟನೆಯ ಸುದ್ದಿಗಳು ಬೇಕಾದಷ್ಟು ಬಂದಿವೆ. ಶಾಲು ಹೊದೆಸಿಕೊಳ್ಳದವರ ಬಗ್ಗೆಯೂ ಒಮ್ಮೆ ಬರೆಯೋಣ ಎಂದು ನಾವು ಹೋದದ್ದು.

ಉಮ್ಮ ಓದಿದ್ದು ಮೂರನೇ ಕ್ಲಾಸು. ಹನ್ನೆರಡು ವರ್ಷಕ್ಕೆ ಮಡಿಲಿಗೆ ಬಂದ ಬೀಡಿಯ ಮೊರ ಕೆಳಗಿಳಿದದ್ದು 58ಕ್ಕೆ. ಎಲೆ ನೆನೆಸುವುದು, ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುರುಟುವುದು, ನೂಲು ಕಟ್ಟುವುದು, ಸಂಜೆಗೆ ಬ್ರಾಂಚಿಗೆ ಕೊಂಡುಹೋಗುವುದು. ದಿನಕ್ಕೆ ಸಾವಿರ ಬೀಡಿ ಕಟ್ಟಿ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದರು, ಮಗನನ್ನು ಐಟಿಐ ಓದಿಸಿದರು. ಮಗ ಈಗ ಸೌದಿಯಲ್ಲಿದ್ದಾನೆ. ಗಂಡ ತೀರಿಹೋಗಿ ಇಪ್ಪತ್ತು ವರ್ಷ ದಾಟಿತು.

ಬೀಡಿ ಬಿಟ್ಟ ಮೇಲೆ ಸ್ವಲ್ಪ ಸಮಯ ಎಂತ ಮಾಡುವುದೆಂದೇ ಗೊತ್ತಾಗುತ್ತಿರಲಿಲ್ಲವಂತೆ. "ಕೈ ಖಾಲಿ. ಸುಮ್ಮನೆ ಕೂತರೆ ಬೆರಳು ತನ್ನಷ್ಟಕ್ಕೆ ಸುರುಟ್ತಾ ಇತ್ತು" ಎಂದು ತೋರಿಸಿ ನಕ್ಕರು.

ಆ ಬೆರಳುಗಳದ್ದೇ ಒಂದು ಕತೆ ಉಂಟು. ಪಿಎಫ್ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಅಂದರೆ ಬದುಕಿದ್ದೇವೆಂದು ಹೆಬ್ಬೆಟ್ಟು ಒತ್ತಿ ತೋರಿಸಬೇಕು. ನಲವತ್ತೈದು ವರ್ಷ ಬೀಡಿ ಸುರುಟಿದವರ ಬೆರಳಿನಲ್ಲಿ ಗೆರೆಗಳೇ ಸವೆದಿರುತ್ತವೆ. ಕೆಲವು ವರ್ಷಗಳ ಹಿಂದೆ ಒಂದು ಸೇವಾ ಕೇಂದ್ರದಲ್ಲಿ ಉಮ್ಮ ಹತ್ತೂ ಬೆರಳು ಒತ್ತಿದರು. ಸೀರೆಯ ಸೆರಗಿನಿಂದ ಒರೆಸಿ ಒತ್ತಿದರು, ಕೈ ತೊಳೆದು ಬಂದು ಒತ್ತಿದರು. ಮಿಷನ್ ಒಪ್ಪಲಿಲ್ಲ. ಅಲ್ಲಿದ್ದ ಹುಡುಗ, "ಅಜ್ಜಿ, ಬರುವುದಿಲ್ಲ, ಹೋಗಿ" ಎಂದುಬಿಟ್ಟ. ನಾಲ್ಕು ತಿಂಗಳು ಪಿಂಚಣಿ ನಿಂತಿತು. ಸಾವಿರ ರೂಪಾಯಿಗಿಂತ ತುಸು ಹೆಚ್ಚಿನ ಮೊತ್ತ ಅಷ್ಟೇ. ಆದರೆ ಅದು ಅವರ ಸ್ವಂತದ್ದು. "ಮಗ ಕಳಿಸುವ ದುಡ್ಡು ಬೇರೆ, ಇದು ಬೇರೆ" ಎನ್ನುವಾಗ ಉಮ್ಮನ ಧ್ವನಿ ಸ್ವಲ್ಪ ಗಟ್ಟಿಯಾಯಿತು.

ಪಿಯುಸಿ ಓದುತ್ತಿರುವ ಮೊಮ್ಮಗಳು ದಾರಿ ಹುಡುಕಿದಳು. ಮೊಬೈಲಿನಲ್ಲಿ ಆ್ಯಪ್ ಹಾಕಿ, ಆಧಾರ್ ಸಂಖ್ಯೆ ಕೊಟ್ಟು, ಮುಖ ತೋರಿಸಿ ಕಣ್ಣು ಮಿಟುಕಿಸಿದರೆ ಸಾಕು, ಬೆರಳು ಬೇಡ. ಆಯಿತು. ನಿಂತಿದ್ದ ಪಿಂಚಣಿ ಹಿಂಬಾಕಿ ಸಮೇತ ಬಂತು. ಅಲ್ಲಿಂದ ಅದು ಉಮ್ಮನ ಕಸುಬಾಗಿದೆ. ಕೇರಿಯಲ್ಲಿ ಬೀಡಿ ಕಟ್ಟಿ ಮುದುಕಿಯರಾದವರು ಯಾರ್ಯಾರು, ಯಾರ ಪತ್ರ ಯಾವ ತಿಂಗಳಿಗೆ ಮುಗಿಯುತ್ತದೆ ಎನ್ನುವುದು ಅವರ ಪುಸ್ತಕದಲ್ಲಿದೆ. ಎಲ್ಲರೂ ನವೆಂಬರಿನಲ್ಲೇ ಓಡಬೇಕೆಂದು ತಿಳಿದವರು ಈಗಲೂ ಇದ್ದಾರೆ. ಪಿಎಫ್ ಪಿಂಚಣಿಗೆ ಹಾಗಿಲ್ಲ. ಯಾವ ತಿಂಗಳು ಕೊಟ್ಟರೂ ಅಲ್ಲಿಂದ ಹನ್ನೆರಡು ತಿಂಗಳು ನಡೆಯುತ್ತದೆ. ಇದನ್ನು ಉಮ್ಮ ನಮಗೆ ಎರಡು ಸಲ ಹೇಳಿ, "ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿ" ಎಂದರು.

ಒಂದು ಶುಕ್ರವಾರ ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ಆರು ಮಂದಿ ಅಜ್ಜಿಯರನ್ನು ಸಾಲಾಗಿ ಕೂರಿಸಿ ಕಣ್ಣು ಮಿಟುಕಿಸಿದ ಸುದ್ದಿಯನ್ನು ಸೊಸೆ ಹೇಳಿದರು. ಒಬ್ಬರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಇನ್ನೊಬ್ಬರು ಫೋನ್ ಕಂಡ ಕೂಡಲೇ ನಗಲು ಶುರು. ಅಸರ್ ಬಾಂಗಿನವರೆಗೂ ಆ ಗಲಾಟೆ ನಡೆಯಿತಂತೆ.

ಸೊಸೆಗೆ ತಕರಾರೂ ಉಂಟು. ಮಂಡಿ ಸವೆದಿದೆ, ನಡೆಯುವುದು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಉಮ್ಮ ಕೇಳುವುದಿಲ್ಲ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದದ್ದೇ ಇನ್ನೂ ಕಷ್ಟವಾಗಿದೆ ಎನ್ನುತ್ತಾರೆ ಸೊಸೆ. ನಮ್ಮ ಜಿಲ್ಲೆಯಲ್ಲಿ ಓಡುವುದು ಹೆಚ್ಚೂಕಡಿಮೆ ಖಾಸಗಿ ಬಸ್ಸು. ಸರಕಾರಿ ಬಸ್ಸೇ ಬರಲಿ ಎಂದು ಉಮ್ಮ ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತಾರೆ. ದುಡ್ಡಿಲ್ಲದೆ ಅಲ್ಲ. "ನಮಗೆ ಅಂತ ಬಿಟ್ಟ ಬಸ್ಸಿಗೆ ನಾವೇ ಹತ್ತದಿದ್ದರೆ ನಾಳೆ ಅದನ್ನೂ ತೆಗೀತಾರೆ" ಎಂಬುದು ಅವರ ವಾದ. ಇದಕ್ಕೆ ನಮ್ಮಲ್ಲೂ ಉತ್ತರವಿರಲಿಲ್ಲ.

ಕೇರಿಯಲ್ಲಿ ಹೆಂಗಸರ ಮಯ್ಯಿತ್ ಆದರೆ ಮೀಯಿಸಲು ಮೊದಲು ಕರೆ ಹೋಗುವುದೂ ಉಮ್ಮನಿಗೇ. ರಾತ್ರಿ ಎರಡು ಗಂಟೆಯಾದರೂ ಏಳುತ್ತಾರೆ. ಕೊನೆಯ ನೀರಿಗೆ ಕರ್ಪೂರ ಬೆರೆಸುವುದು, ಐದು ತುಂಡು ಕಫನ್ ಕ್ರಮವಾಗಿ ಹಾಸುವುದು, ಎಲ್ಲ ಅವರ ಕೈಯಲ್ಲೇ. ಈಗಿನ ಹುಡುಗಿಯರು ಹೆದರುತ್ತಾರೆ, ಬಾಗಿಲ ಹೊರಗೇ ನಿಲ್ಲುತ್ತಾರೆ. ಇಬ್ಬರಿಗೆ ಕಲಿಸಿದ್ದೇನೆ, ಸಾಲದು ಎಂದರು. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ.

ಹವ್ಯಾಸ ಎಂತದು ಎಂದು ನಾವು ಕೇಳಿದ್ದಕ್ಕೆ, "ಹಾಗೆಂದರೆ?" ಎಂದರು. ಮೊಮ್ಮಗಳು ಒಳಗಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟಳು. ಒಳಗೆ ಕನ್ನಡ ಅಕ್ಷರದಲ್ಲಿ ಬ್ಯಾರಿ ಭಾಷೆಯ ಪಾಟ್‌ಗಳು. ಮೊಯ್ಲಾಂಜಿ ಪಾಟ್, ಉಂಜಲ್ ಪಾಟ್, ಮಕ್ಕಳನ್ನು ಮಲಗಿಸುವ ಹಾಡುಗಳು. ದೊಡ್ಡ ದೊಡ್ಡ ಅಕ್ಷರ, ಕೆಲವು ಕಡೆ ಒತ್ತು ತಪ್ಪಿದೆ, ಕೆಲವು ಕಡೆ ಮೊಮ್ಮಗಳು ಕೆಂಪು ಪೆನ್ನಿನಲ್ಲಿ ತಿದ್ದಿದ್ದಾಳೆ. ತಿದ್ದಿದ್ದನ್ನು ಉಮ್ಮ ಮತ್ತೆ ಹೊಡೆದು ಹಾಕಿದ ಪುಟಗಳೂ ಇವೆ. "ಅವಳು ಬರೆಯುವುದು ಈಗಿನ ಬ್ಯಾರಿ. ನಾವು ಹೇಳ್ತಾ ಇದ್ದದ್ದು ಹಾಗಲ್ಲ."

ಈ ಪಾಟ್‌ಗಳೆಲ್ಲ ಬೀಡಿಯ ಜೊತೆ ಬಂದವು. ಒಂದು ಜಗಲಿಯಲ್ಲಿ ಏಳೆಂಟು ಹೆಂಗಸರು ಕೂತು ಸುರುಟುವಾಗ ಒಬ್ಬಳು ಎತ್ತಿದರೆ ಉಳಿದವರು ಸೇರುತ್ತಿದ್ದರು. ಕೈಗೆ ಆಯಾಸ ಗೊತ್ತಾಗುತ್ತಿರಲಿಲ್ಲ. ಮದುವೆಯ ಮೊದಲ ರಾತ್ರಿ ಮದುಮಗಳಿಗೆ ಮದರಂಗಿ ಹಚ್ಚುವಾಗ, ಕಿವಿಯ ತುಂಬ ಅಲಿಕತ್ತ್ ಹಾಕಿದ ಅಜ್ಜಿಯರು ಚಪ್ಪಾಳೆ ತಟ್ಟಿ ಇದೇ ಪಾಟ್ ಹಾಡುತ್ತಿದ್ದರು. ಈಗ ಹಾಲ್, ಸ್ಪೀಕರ್, ಮೊಬೈಲಿನ ಹಾಡು. 2007ರಲ್ಲಿ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿದ ಮೇಲೆ ಭಾಷೆಗೆ ಒಂದು ಮನೆಯಾದದ್ದು ನಿಜ. ಆದರೆ ಜಗಲಿಯಲ್ಲಿ ಹಾಡುವ ಬಾಯಿಗಳು ಒಂದೊಂದಾಗಿ ಮುಚ್ಚುತ್ತಿವೆ.

ಪುಸ್ತಕದ ನಡುವೆ ಒಂದು ಪುಟದಲ್ಲಿ ಅರ್ಧ ಮಾತ್ರ ಬರೆದಿತ್ತು. ಕೆಳಗೆ ಖಾಲಿ. ಮದುಮಗಳು ದೋಣಿಯಲ್ಲಿ ಹೊಳೆ ದಾಟಿ ಗಂಡನ ಮನೆಗೆ ಹೋಗುವ ಪಾಟ್ ಅದು. ದೋಣಿ ನಡುನೀರಿಗೆ ಬರುವವರೆಗೆ ಉಮ್ಮನಿಗೆ ನೆನಪಿದೆ. ಮುಂದಿನದ್ದು ಅವರ ಜೊತೆ ಬೀಡಿ ಕಟ್ಟುತ್ತಿದ್ದ ಗೆಳತಿಗೆ ಬಾಯಿಪಾಠವಿತ್ತು. ಹೋಗಿ ಬರೆದುಕೊಳ್ಳಬೇಕು, ಬರೆದುಕೊಳ್ಳಬೇಕು ಎನ್ನುತ್ತಾ ದಿನ ಹೋಯಿತು. ಕಳೆದ ಮಳೆಗಾಲದಲ್ಲಿ ಆ ಮನೆಯಿಂದ ಕರೆ ಬಂತು, ಪಾಟಿಗಲ್ಲ, ಮಯ್ಯಿತ್ ಮೀಯಿಸಲಿಕ್ಕೆ. "ಅವಳ ತಲೆಗೆ ನೀರು ಹಾಕುವಾಗ ಅದೇ ನೆನಪು ಬಂತು. ಅಸ್ತಗ್ಫಿರುಲ್ಲಾಹ್, ಆ ಹೊತ್ತಿನಲ್ಲಿ ಪಾಟ್ ನೆನಪಾಗುವುದಾ?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಉಮ್ಮ ನಮಗಾಗಿ ಅದನ್ನು ಹಾಡಿದರು. ಸಣ್ಣ ಧ್ವನಿ, ಬೆರಳು ಮಡಿಲಿನಲ್ಲಿ ತಾಳ ಹಾಕುತ್ತಿತ್ತು. ನಡುಹೊಳೆಗೆ ಬಂದು ನಿಂತಿತು.

ಹೊರಡುವಾಗ ಗೇಟಿನವರೆಗೆ ಬಂದರು. "ಪೇಪರ್ ತುಂಬ ಮನೆಗೆ ಹೋಗ್ತದಲ್ಲ? ಪಾಣೆಮಂಗಳೂರು, ಉಳ್ಳಾಲ, ಎಲ್ಲಿಯಾದರೂ ಹೊಳೆಬದಿಯ ಹಳೆ ಮನೆಗಳಲ್ಲಿ ಯಾರಾದರೂ ಅಜ್ಜಿಗೆ ಆ ಪಾಟಿನ ಉಳಿದದ್ದು ಗೊತ್ತುಂಟಾ ಅಂತ ಕೇಳಿ ನೋಡಿ. ನಾನು ಬೇಕಾದರೆ ಬಸ್ಸಿನಲ್ಲಿ ಬರ್ತೇನೆ."

"ಸರಕಾರಿ ಬಸ್ಸಿನಲ್ಲಿ" ಎಂದಳು ಮೊಮ್ಮಗಳು ಹಿಂದಿನಿಂದ.

ಗೊತ್ತಿದ್ದವರು ಈ ಪುಟದ ವಿಳಾಸಕ್ಕೆ ಒಂದು ಸಾಲು ಬರೆದರೆ ನಾವು ಉಮ್ಮನಿಗೆ ಮುಟ್ಟಿಸುತ್ತೇವೆ.