ಔಷಧದ ಅಂಗಡಿಗಳು: ಯಾವುದು ಯಾರಿಗೆ?

ನಮ್ಮ ಹಳ್ಳಿಗಳಲ್ಲಿ ‘ಔಷಧಿ’ ಎಂಬ ಮಾತು ಹಲವು ವಸ್ತುಗಳಿಗೆ ಸಲ್ಲುತ್ತದೆ. ಜ್ವರದ ಮಾತ್ರೆಯೂ ಔಷಧಿ, ಹಸುವಿನ ಕೆಚ್ಚಲು ಬಾವಿಗೆ ಹಾಕುವ ಮುಲಾಮೂ ಔಷಧಿ, ಅವರೆ ಗಿಡಕ್ಕೆ ಹೊಡೆಯುವ ಕೀಟನಾಶಕವೂ ಔಷಧಿಯೇ. ಆದರೆ ಇವುಗಳನ್ನು ಮಾರುವ ಅಂಗಡಿಗಳು, ಅವಕ್ಕೆ ಅನ್ವಯಿಸುವ ನಿಯಮಗಳು ಬೇರೆ ಬೇರೆ. ಒಂದರ ಬದಲು ಇನ್ನೊಂದನ್ನು ಬಳಸಿದರೆ ಪ್ರಾಣಾಪಾಯ ತಪ್ಪಿದ್ದಲ್ಲ.

ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವಿನ ನಾಗರಬಾವಿ ಹಿಂದೆ ಹಳ್ಳಿ. ಈಗ ಬೆಂಗಳೂರಿನ ದೊಡ್ಡ ಬಡಾವಣೆ. ತಾವರೆಕೆರೆ, ಕೆಂಗೇರಿ ಕಡೆಯಿಂದ ಇಂಥ ಬಡಾವಣೆಗೆ ಚಿಕಿತ್ಸೆಗೆಂದು ಬರುವ ರೈತರಿಗೆ ಸಾಲು ಸಾಲು ಔಷಧದ ಅಂಗಡಿಗಳು ಕಾಣುತ್ತವೆ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಅವುಗಳಲ್ಲಿ ಭೇದವಿದೆ.

ಫಲಕದ ಮೇಲಿನ ಹೆಸರು

1940ರ ಔಷಧ ಮತ್ತು ಕಾಂತಿವರ್ಧಕ ಕಾಯಿದೆಯಡಿ 1945ರಲ್ಲಿ ಬಂದ ನಿಯಮಗಳು ಚಿಲ್ಲರೆ ಅಂಗಡಿಗಳಿಗೆ ಮೂರು ಬಗೆಯ ಹೆಸರುಗಳನ್ನು ಗೊತ್ತುಪಡಿಸಿವೆ.

1. ಫಾರ್ಮಸಿ: ನೋಂದಾಯಿತ ಔಷಧ ತಜ್ಞರಿದ್ದು, ವೈದ್ಯರ ಚೀಟಿಯಂತೆ ಔಷಧವನ್ನು ಅಲ್ಲಿಯೇ ಬೆರೆಸಿ ಕೊಡುವ ಏರ್ಪಾಡು ಇರುವ ಅಂಗಡಿ.

2. ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್: ಔಷಧ ತಜ್ಞರಿರುತ್ತಾರೆ, ಬೆರೆಸಿ ಕೊಡುವ ಏರ್ಪಾಡು ಇರುವುದಿಲ್ಲ.

3. ಡ್ರಗ್ ಸ್ಟೋರ್: ಔಷಧ ತಜ್ಞರ ಅಗತ್ಯವಿಲ್ಲದ ಔಷಧಗಳನ್ನು ಮಾತ್ರ ಮಾರುವ ಅಂಗಡಿ.

ಈಗ ಮಾತ್ರೆ, ಟಾನಿಕ್ಕುಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುವುದರಿಂದ ಅಂಗಡಿಯಲ್ಲಿ ಬೆರೆಸುವುದು ವಿರಳ. ಜನರ ಬಾಯಲ್ಲಿ ಎಲ್ಲವೂ ‘ಮೆಡಿಕಲ್ ಶಾಪ್’.

ಕೊಡುವವರು ಯಾರು?

1948ರ ಫಾರ್ಮಸಿ ಕಾಯಿದೆಯ ಪ್ರಕಾರ ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಔಷಧ ತಜ್ಞರೇ ಕೊಡತಕ್ಕದ್ದು. ನಮ್ಮ ರಾಜ್ಯದಲ್ಲಿ ಇವರ ಹೆಸರನ್ನು ನೋಂದಾಯಿಸುವ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನ ಕಛೇರಿ ನಾಗರಬಾವಿಗೆ ಸಮೀಪದ ವಿಜಯನಗರದಲ್ಲಿದೆ. ಅಂಗಡಿಯ ಪರವಾನಗಿಯನ್ನು ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಬೇಕೆಂಬ ನಿಯಮವೂ ಇದೆ.

ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ಚೀಟಿಯಿಲ್ಲದೆ ಕೊಳ್ಳಕೂಡದು. ಹಲವು ಪ್ರಬಲ ಪ್ರತಿಜೀವಕಗಳು ಹಾಗೂ ಕ್ಷಯರೋಗದ ಔಷಧಗಳು ‘ಎಚ್-1’ ಪಟ್ಟಿಗೆ ಸೇರಿವೆ. 2014ರ ಮಾರ್ಚ್ 1ರಿಂದ ಇವುಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಯ್ದಿಡಬೇಕಾಗಿದೆ. ಅಂಗಡಿಯವರು ಹೆಸರು ಕೇಳಿದರೆ ಬೇಸರಿಸಬೇಕಾಗಿಲ್ಲ.

ಕಡಿಮೆ ಖರ್ಚಿನ ದಾರಿಗಳು

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅವಶ್ಯಕ ಔಷಧಗಳು ಉಚಿತ. ಮನೆಯಲ್ಲಿ ಯಾರಾದರೂ ಕಾರ್ಖಾನೆಯ ಕೆಲಸದಲ್ಲಿದ್ದು ವಿಮೆಗೆ ಒಳಪಟ್ಟಿದ್ದರೆ ಅವರಿಗೂ ಕುಟುಂಬದವರಿಗೂ ಇ.ಎಸ್.ಐ. ಔಷಧಾಲಯಗಳಲ್ಲಿ ಔಷಧ ದೊರೆಯುತ್ತದೆ. ಈ ಭಾಗದ ದೊಡ್ಡ ಇ.ಎಸ್.ಐ. ಆಸ್ಪತ್ರೆ ರಾಜಾಜಿನಗರದಲ್ಲಿದೆ.

2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಅಂಗಡಿಗಳಲ್ಲಿ ಔಷಧವನ್ನು ಕಂಪನಿಯ ಹೆಸರಿನ ಬದಲು ಅದರ ಮೂಲ ಹೆಸರಿನಿಂದ ಮಾರುತ್ತಾರೆ. ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯವಾಗುವುದುಂಟು. ಆದ್ದರಿಂದ ಚೀಟಿಯಲ್ಲಿ ಮೂಲ ಹೆಸರನ್ನು ಬರೆದುಕೊಡುವಂತೆ ವೈದ್ಯರನ್ನು ಕೇಳುವುದು ಲಾಭಕರ.

ಬೇರು, ತೊಗಟೆ, ಚೂರ್ಣಗಳಿಗೆ ಗ್ರಂಥಿಗೆ ಅಂಗಡಿಗಳಿವೆ. ಆಯುರ್ವೇದ ಔಷಧ ತಯಾರಿಸಲು ಪರವಾನಗಿ ಬೇಕು, ಮಾರಲು ಬೇಕಿಲ್ಲ. ಹಾಗಾಗಿ ಸಿದ್ಧ ಔಷಧದ ಮೇಲೆ ತಯಾರಕರ ಪರವಾನಗಿ ಸಂಖ್ಯೆ ಇದೆಯೇ ಎಂದು ಕೊಳ್ಳುವವರೇ ನೋಡಿಕೊಳ್ಳಬೇಕು.

ಜಾನುವಾರುಗಳ ಔಷಧ

ಪೀಣ್ಯದಲ್ಲಿ ಕಾರ್ಖಾನೆಯಿರುವ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ (ಸ್ಥಾಪನೆ 1981) ಮನುಷ್ಯರಿಗೂ ಜಾನುವಾರುಗಳಿಗೂ ಔಷಧ ಒದಗಿಸುತ್ತದೆ. ಹೀಗೆ ಒಂದೇ ಸಂಸ್ಥೆಯಿಂದ ಬಂದರೂ ಎರಡರ ಗುರುತು ಬೇರೆ. ಜಾನುವಾರುಗಳಿಗೆ ಹೊಟ್ಟೆಗೆ ಕೊಡುವ ಔಷಧದ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರವೂ, ‘ಮನುಷ್ಯರ ಬಳಕೆಗಲ್ಲ, ಪ್ರಾಣಿ ಚಿಕಿತ್ಸೆಗೆ ಮಾತ್ರ’ ಎಂಬರ್ಥದ ಬರಹವೂ ಇರತಕ್ಕದ್ದು.

ಈ ಗಡಿ ಮೀರಿದರೆ ಏನಾಗುತ್ತದೆಂಬುದಕ್ಕೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧವೇ ನಿದರ್ಶನ. ಈ ಔಷಧ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ದೇಶದಲ್ಲಿ ಅವುಗಳ ಸಂತತಿಯೇ ಕುಸಿಯಿತು. ಕೇಂದ್ರ ಸರ್ಕಾರ 2006ರಲ್ಲಿ ಜಾನುವಾರುಗಳಿಗಾಗಿ ಇದರ ತಯಾರಿಕೆಯನ್ನು ನಿಲ್ಲಿಸಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ಮೆಡಿಕಲ್ ಶಾಪುಗಳಿಂದ ಕೊಟ್ಟಿಗೆಗೆ ಬರುವುದು ಮುಂದುವರಿಯಿತು. ಅದರಿಂದಾಗಿ 2015ರಲ್ಲಿ ಮನುಷ್ಯರ ಚುಚ್ಚುಮದ್ದನ್ನೂ ಒಂದೇ ಬಾರಿಗೆ ಸಾಕಾಗುವ ಸಣ್ಣ ಸೀಸೆಗೆ ಸೀಮಿತಗೊಳಿಸಬೇಕಾಯಿತು. ಮೈಸೂರು ರಸ್ತೆಯಲ್ಲಿ ಮುಂದೆ ಸಿಗುವ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಸುತ್ತಲಿನ ರೈತರಿಗೆ ಈ ವಿಷಯದಲ್ಲಿ ವಿಶೇಷ ಹೊಣೆಯಿದೆ. ಮೆಲಾಕ್ಸಿಕಾಂ ಎಂಬ ಔಷಧ ರಣಹದ್ದುಗಳಿಗೆ ಅಪಾಯಕಾರಿಯಲ್ಲ. ಪಶುವೈದ್ಯರ ಸಲಹೆಯಂತೆ ಅದನ್ನು ಬಳಸಬಹುದು.

ಹಸುವಿಗೆ ಔಷಧ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದೆಂಬುದೂ ಮುಖ್ಯ. ಅವಧಿಯನ್ನು ಔಷಧದ ಚೀಟಿಯಲ್ಲಿ ನಮೂದಿಸಿರುತ್ತಾರೆ. ಔಷಧಕ್ಕೆ ಪ್ರತ್ಯೇಕ ಅವಧಿ ನಿಗದಿಯಾಗಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ ಎಂದು ನಿಯಮ ಹೇಳುತ್ತದೆ.

ಬೆಳೆಯ ‘ಔಷಧಿ’

ಇದು ಔಷಧವಲ್ಲ, ವಿಷ. ಇದನ್ನು ಮಾರಲು 1968ರ ಕೀಟನಾಶಕ ಕಾಯಿದೆಯಡಿ ಬೇರೆಯೇ ಪರವಾನಗಿ ಬೇಕು. ಡಬ್ಬಿಯ ಮೇಲಿನ ಬಣ್ಣದ ಗುರುತು ವಿಷದ ತೀವ್ರತೆಯನ್ನು ತಿಳಿಸುತ್ತದೆ: ಕೆಂಪು ಅತ್ಯಂತ ತೀವ್ರ, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಬೆಳೆಗೆ ತಂದು ಉಳಿದ ಕೀಟನಾಶಕವನ್ನು ದನದ ಉಣ್ಣೆಹುಳುವಿಗೋ ತಲೆಯ ಹೇನಿಗೋ ಹಚ್ಚುವುದು ಅತ್ಯಂತ ಅಪಾಯಕರ. ವಿಷ ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ.

ನೆನಪಿಡಬೇಕಾದ ಅಂಶಗಳು

1. ಯಾವುದೇ ಅಂಗಡಿಯಲ್ಲಿ ಕೊಂಡರೂ ಬಿಲ್ಲು ಪಡೆಯಬೇಕು. ಔಷಧ ಕೆಟ್ಟದ್ದೆಂದು ದೂರು ಕೊಡಲು ಅದೇ ಆಧಾರ.

2. ತಯಾರಿಕೆಯ ತಂಡದ ಸಂಖ್ಯೆ ಹಾಗೂ ಅವಧಿ ಮುಗಿಯುವ ತಿಂಗಳನ್ನು ಅಂಗಡಿಯಲ್ಲೇ ನೋಡಬೇಕು.

3. ಮನುಷ್ಯರ, ಜಾನುವಾರುಗಳ, ಬೆಳೆಯ ವಸ್ತುಗಳನ್ನು ಒಂದೇ ಚೀಲದಲ್ಲಿ ತರಬಾರದು. ಒಂದೇ ಗೂಡಿನಲ್ಲಿ ಇಡಬಾರದು. ಕೀಟನಾಶಕವನ್ನು ಬೀಗವಿರುವ ಪೆಟ್ಟಿಗೆಯಲ್ಲಿ, ಮಕ್ಕಳಿಗೆ ಎಟುಕದಂತೆ ಇಡಬೇಕು.

4. ಔಷಧವನ್ನು ಬೇರೆ ಸೀಸೆಗೆ ಸುರಿದಿಡಬಾರದು. ಮೇಲಿನ ಚೀಟಿ ಹೋದರೆ ಅದು ಯಾರ ಔಷಧವೆಂಬ ಗುರುತೇ ಉಳಿಯುವುದಿಲ್ಲ.

ಸಂದೇಹವಿದ್ದಲ್ಲಿ ಮನುಷ್ಯರ ಔಷಧಕ್ಕೆ ಆರೋಗ್ಯ ಕೇಂದ್ರವನ್ನು, ಜಾನುವಾರುಗಳದಕ್ಕೆ ಪಶು ಚಿಕಿತ್ಸಾಲಯವನ್ನು, ಬೆಳೆಯದಕ್ಕೆ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸುವುದು ಕ್ಷೇಮಕರ.