ಹಿತ್ತಲ ಕೋಳಿಗಳಿಗೆ ತಕ್ಕ ಆಹಾರ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳು ಬಿಳಿಜೋಳದ ಸೀಮೆ. ಇಲ್ಲಿ ನಾಲ್ಕಾರು ಜವಾರಿ ಕೋಳಿಗಳನ್ನು ಸಾಕಿದ ಮನೆಯವರು ಮುಂಜಾನೆ ಒಂದು ಹಿಡಿ ಜೋಳವನ್ನು ಚೆಲ್ಲಿ, ತಮ್ಮ ಕರ್ತವ್ಯವು ಮುಗಿಯಿತೆಂದು ತಿಳಿಯುವದುಂಟು. ಮಳೆಗಾಲದಲ್ಲಿ ಇದರಿಂದ ವಿಶೇಷ ಹಾನಿಯಿಲ್ಲ. ಹುಳುಹುಪ್ಪಡಿ, ಎಳೆಹುಲ್ಲುಗಳಿಂದ ಕೋಳಿಯು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುವದು. ಆದರೆ ಎರೆಯ ನೆಲವು ಬಿರಿದು ಹಸುರೆಲ್ಲ ಒಣಗಿದ ಬೇಸಗೆಯಲ್ಲಿ ಕೆದರಿದರೂ ಏನು ಸಿಕ್ಕೀತು? ಆಗ ತತ್ತಿಗಳು ಕಡಿಮೆಯಾಗುವವು. ಅವುಗಳ ಸಿಪ್ಪೆಯು ತೆಳ್ಳಗಾಗುವದು. ಮಕ್ಕಳ ಪುಷ್ಟಿಗೂ ಗೃಹಿಣಿಯ ಕೈಗಾಸಿಗೂ ಇದರಿಂದ ನಷ್ಟವೇ ಸರಿ.

ಕೋಳಿಯ ಸಹಜಾಹಾರವು ಬರಿಯ ಕಾಳಲ್ಲವೆಂಬುದನ್ನು ಮೊದಲು ಮನಗಾಣಬೇಕು. ತತ್ತಿಯಿಡುವ ಕೋಳಿಯ ಮೇವಿನಲ್ಲಿ ನೂರಕ್ಕೆ ಸುಮಾರು 16 ಪಾಲು ಸಸಾರಜನಕವಿರಬೇಕು. ಜೋಳದಲ್ಲಿರುವದು ಸುಮಾರು 10 ಪಾಲು ಮಾತ್ರ. ಶೇಂಗಾಹಿಂಡಿಯಲ್ಲಾದರೋ 40ಕ್ಕೂ ಮಿಕ್ಕಿ ಇರುವದು. ಆದಕಾರಣ ನಾಲ್ಕು ಪಾಲು ಜೋಳದ ನುಚ್ಚಿಗೆ ಒಂದು ಪಾಲು ಹಿಂಡಿಯನ್ನು ಕೂಡಿಸಿದರೆ ಲೆಕ್ಕವು ಸರಿಹೋಗುವದು. ಮರಿಗಳಿಗೆ ಗೆದ್ದಲು ಬಲು ಹಿತ. ಹಳೆಯ ಗಡಿಗೆಯಲ್ಲಿ ಒಣ ಸಗಣಿ, ಕಣಿಕೆಯ ತುಂಡುಗಳನ್ನು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವಲ್ಲಿ ರಾತ್ರಿ ಬೋರಲಾಗಿ ಇಡತಕ್ಕದ್ದು. ಬೆಳಗಾಗುವಷ್ಟರಲ್ಲಿ ಹುಳುಗಳು ಅದರಲ್ಲಿ ಸೇರಿರುವವು.

ಎರಡನೆಯದು ಸುಣ್ಣ. ಒಂದು ತತ್ತಿಯ ಸಿಪ್ಪೆಯಲ್ಲಿ ಸುಮಾರು 2 ಗ್ರಾಮು ಕ್ಯಾಲ್ಸಿಯಂ ಇರುವದು. 100 ಗ್ರಾಮು ಜೋಳದಲ್ಲಿ ಸುಮಾರು 25 ಮಿಲಿಗ್ರಾಮು ಮಾತ್ರ! ಸುಣ್ಣದ ಕಲ್ಲಿನ ನುಚ್ಚನ್ನಾಗಲಿ, ಒಣಗಿಸಿ ಹುರಿದು ಪುಡಿಮಾಡಿದ ತತ್ತಿಯ ಸಿಪ್ಪೆಯನ್ನಾಗಲಿ ಬೇರೊಂದು ಪಾತ್ರೆಯಲ್ಲಿ ಇಟ್ಟರೆ ಕೋಳಿಗಳು ಬೇಕಾದಷ್ಟನ್ನು ತಿನ್ನುವವು. ಸಿಪ್ಪೆಯನ್ನು ಹಾಗೆಯೇ ಒಗೆಯಕೂಡದು. ತತ್ತಿಯನ್ನು ಒಡೆದು ತಿನ್ನುವ ಚಟವು ಹತ್ತೀತು. ಹಲ್ಲಿಲ್ಲದ ಕೋಳಿಯು ಹೊಟ್ಟೆಯೊಳಗಿನ ಹರಳುಗಳಿಂದಲೇ ಕಾಳನ್ನು ಅರೆಯುವದು. ಎರೆಮಣ್ಣಿನಲ್ಲಿ ಹರಳು ವಿರಳ. ಆದ್ದರಿಂದ ಒಂದು ಬುಟ್ಟಿ ಗರಸನ್ನು ಹಿತ್ತಲಲ್ಲಿ ಸುರುವಿರಬೇಕು.

ಮೂರನೆಯದು ಹಸುರು. ಬಿಳಿಜೋಳವನ್ನಷ್ಟೇ ತಿಂದ ಕೋಳಿಯ ತತ್ತಿಯೊಳಗಿನ ಹಳದಿಯು ಬಿಳಿಚಿಕೊಳ್ಳುವದು. ನುಗ್ಗೆ, ಮೆಂತೆಗಳ ಸೊಪ್ಪನ್ನು ಕಟ್ಟಿ ತೂಗಹಾಕಿದರೆ ಬಣ್ಣವೂ ಜೀವಸತ್ವವೂ ಕೂಡಿ ಬರುವವು. ನೆರಳಿನಲ್ಲಿ ತಣ್ಣೀರನ್ನು ಇಡುವದಂತೂ ಮರೆಯತಕ್ಕದ್ದಲ್ಲ.

ಇನ್ನು ಎರಡು ಎಚ್ಚರಿಕೆಗಳು. ಬಿತ್ತನೆಗೆಂದು ಔಷಧ ಹಚ್ಚಿದ ಬಣ್ಣದ ಬೀಜವು ಉಳಿದರೆ ಅದನ್ನು ಕೋಳಿಗೆ ಎಂದಿಗೂ ಹಾಕಬಾರದು. ತೊಳೆದರೂ ವಿಷವು ಹೋಯಿತೆಂದು ನಂಬುವಂತಿಲ್ಲ. ಬೂಸು ಹಿಡಿದ ಹಿಂಡಿಯೂ ಅಂಥದ್ದೇ. 1960ರಲ್ಲಿ ಇಂಗ್ಲಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಬೂಸಿನ ಶೇಂಗಾಹಿಂಡಿಯನ್ನು ತಿಂದು ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷದ ಪರಿಚಯವು ಲೋಕಕ್ಕಾದುದು ಅದರಿಂದಲೇ. ಮನುಷ್ಯನು ಉಣ್ಣಲಾರದ ಕೆಟ್ಟ ಕಾಳು ಕೋಳಿಗೆ ಸಾಕೆಂಬ ಮಾತು ಸಲ್ಲದು. ಅದು ತಿಂದದ್ದೇ ತತ್ತಿಯಾಗಿ ನಮ್ಮ ಮಕ್ಕಳ ತಾಟಿಗೆ ಬರುವದು.