ಮನೆಯ ಬೆಳ್ಳಿತೆರೆ

ಯಲಹಂಕದ ಮನೆಯೊಂದರ ಹಜಾರದಲ್ಲಿ ಪ್ರೊಜೆಕ್ಟರನ್ನು ಇರಿಸಿದ್ದೇವೆಂದು ಭಾವಿಸೋಣ. ತೆರೆ ಎಂತಹುದಿರಬೇಕು?

ಹೊಳಪಿಲ್ಲದ ಬಿಳಿಯ ತೆರೆಯು ಬಿದ್ದ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದರಿಸುತ್ತದೆ. ಬದಿಯಲ್ಲಿ ಕುಳಿತವರಿಗೂ ಚಿತ್ರವು ಸಮನಾಗಿ ಕಾಣುತ್ತದೆ. ಹಿಂದಿನ ಚಿತ್ರಮಂದಿರಗಳಲ್ಲಿ ಲೋಹಲೇಪದ ತೆರೆಗಳಿದ್ದವು. 'ಬೆಳ್ಳಿತೆರೆ' ಎಂಬ ಮಾತಿನ ಮೂಲ ಅವೇ. ಅಂತಹ ತೆರೆ ನಡುವೆ ಕುಳಿತವರಿಗೆ 2ರಷ್ಟು ಬೆಳಕನ್ನು ಕೊಟ್ಟೀತು. ಆದರೆ ತೆರೆಯು ಬೆಳಕನ್ನು ಸೃಷ್ಟಿಸಲಾರದು. ಬದಿಯವರ ಪಾಲನ್ನೇ ನಡುವಿನವರಿಗೆ ಹಂಚುತ್ತದೆ.

ಇನ್ನು ಕಪ್ಪುಬಣ್ಣ. ಪ್ರೊಜೆಕ್ಟರು ಕಪ್ಪನ್ನು ಚೆಲ್ಲಲಾರದು. ಬೆಳಕು ಬೀಳದ ಭಾಗವೇ ನಮಗೆ ಕಪ್ಪು. ಅಲ್ಲಿ ಕಿಟಕಿಯ ಬೆಳಕು ಬಿದ್ದರೆ ಚಿತ್ರವು ಮಂಕಾಗುತ್ತದೆ. ಬರಿಯ ಬೂದುಬಣ್ಣದ ತೆರೆಯು ಕಿಟಕಿಯ ಬೆಳಕನ್ನೂ ಚಿತ್ರದ ಬೆಳಕನ್ನೂ ಒಂದೇ ಪ್ರಮಾಣದಲ್ಲಿ ಹೀರುವುದರಿಂದ ಅವುಗಳ ಅನುಪಾತ ಬದಲಾಗದು. ಆದುದರಿಂದ ದುಬಾರಿ ತೆರೆಗೆ ಹಣ ತೆರುವ ಮೊದಲು ಕಿಟಕಿಗೆ ದಪ್ಪ ಪರದೆಯನ್ನು ಕಟ್ಟುವುದೇ ಜಾಣತನ.